ಉಜ್ಜಪ್ಪನ ಅಚ್ಚಿಗೆ ಏಳು ಸಲ ಮೇಣ

ಡಾಕ್ಟರಿಂದ ಆಗಲಿಲ್ಲ, ನಮ್ಮಕ್ಕನ ಬೈಗುಳದಿಂದ ಆಗಲಿಲ್ಲ, ಎರಡು ವರ್ಷದಿಂದ ಬಿಡದೆ ಕಾಡಿದ ಕೆಮ್ಮಿನಿಂದಲೂ ಆಗಲಿಲ್ಲ. ಅದನ್ನು ನಾನೊಬ್ಬನೇ ಮೂರು ದಿನದಲ್ಲಿ ಮಾಡಿ ತೋರಿಸಿದೆ. ನಮ್ಮ ಭಾವ ಉಜ್ಜುವುದನ್ನು ಬಿಟ್ಟರು. ಮೂವತ್ತೈದು ವರ್ಷ ಕೈಯಲ್ಲಿ ಉಪ್ಪುಕಾಗದ ಹಿಡಿದೇ ಬಾಳಿದ ಮನುಷ್ಯ ಈಗ ಹಗಲು ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾರೆ ಎಂದರೆ ಅದರ ಹಿಂದಿರುವುದು ಈ ಭಾಮೈದನ ಕೈ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೇಗೆ ಬಿಡಿಸಿದೆ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕಾಗುತ್ತದೆ.

ಭಾವ ಮಾಡುವುದು ಮೋಟಾರ್‌ಸೈಕಲ್ಲಿನ ಮೈ. ಎಂಜಿನ್ ಅಲ್ಲ, ಚಕ್ರ ಅಲ್ಲ, ಮೇಲಿನ ಮೈ. ಪೆಟ್ರೋಲ್ ಟ್ಯಾಂಕಿನ ಹೊದಿಕೆ, ಮುಂದಿನ ಮೂತಿ, ಸೀಟಿನ ಹಿಂದೆ ಎದ್ದು ನಿಲ್ಲುವ ಬಾಲ. ತನ್ನ ಗಾಡಿ ಊರವರೆಲ್ಲರ ಗಾಡಿಯಂತೆಯೇ ಇದೆಯಲ್ಲ ಎಂದು ಯಾರಿಗೆ ಹೊಟ್ಟೆ ಉರಿಯುತ್ತದೋ ಅವರು ಭಾವನ ಶೆಡ್ಡಿಗೆ ಬರುತ್ತಾರೆ. ಭಾವ ಗಾಡಿಯ ಹಳೆಯ ಮೈ ಬಿಚ್ಚಿ ಬರೀ ಎಲುಬು ನಿಲ್ಲಿಸಿಕೊಂಡು, ಅದರ ಮೇಲೆ ಫೋಮ್ ತುಂಡುಗಳನ್ನು ಅಂಟಿಸಿ, ಕೊಯ್ದು, ಪುಟ್ಟಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿ, ಮತ್ತೆ ಉಜ್ಜಿ ಒಂದು ಆಕಾರ ತೆಗೆಯುತ್ತಾರೆ. ಅದರ ಮೇಲೆ ಗಾಜಿನ ನಾರಿನ ಹಾಸು ಹಾಸಿ ರೆಸಿನ್ ಎಂಬ ಅಂಟುದ್ರವ ಕುಡಿಸಿದರೆ ಮರುದಿನಕ್ಕೆ ಕಲ್ಲಿನಂತಾಗುತ್ತದೆ. ಆ ಕಲ್ಲನ್ನೂ ಉಜ್ಜಬೇಕು. ಮೂರು ಪಾಲು ಕೆಲಸವಿದ್ದರೆ ಎರಡೂಮುಕ್ಕಾಲು ಪಾಲು ಉಜ್ಜುವುದೇ. ಅದಕ್ಕೇ ಬೀದಿಯವರು ಅವರಿಗೆ ಉಜ್ಜಪ್ಪ ಎಂದು ಹೆಸರಿಟ್ಟರು. ಹೆತ್ತವರು ಇಟ್ಟ ಹೆಸರು ಅಂಚೆಯವನಿಗೂ ಮರೆತುಹೋಗಿದೆ. ಅದನ್ನು ಬರೆದ ಕಾಗದ ಬಂದರೆ ಅಂಥವರು ಇಲ್ಲಿಲ್ಲ ಎಂದು ವಾಪಸು ಒಯ್ಯುತ್ತಾನೆ.

ಅವರು ಉಜ್ಜಿ ಉದುರಿಸಿದ ಪುಡಿಯನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಇಷ್ಟು ಹೊತ್ತಿಗೆ ಒಂದು ಗುಡ್ಡವೆದ್ದು, ಅದರ ತುದಿಗೆ ಮೋಡ ತಗಲಿ, ನಮ್ಮ ಬೀದಿಗೆ ಮಧ್ಯಾಹ್ನವೇ ನೆರಳು ಬೀಳುತ್ತಿತ್ತು. ಹಾಗಾಗಲಿಲ್ಲ. ಅರ್ಧ ಪುಡಿಯನ್ನು ಅಕ್ಕ ಗುಡಿಸಿ ಹಾಕಿದಳು, ಇನ್ನರ್ಧ ಭಾವನ ಎದೆಯೊಳಕ್ಕೆ ಹೋಯಿತು.

ನನ್ನದು ಪಕ್ಕದ ಅಂಗಡಿ, ಸೀಟು ಹೊಲಿಯುವುದು. ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಕಿಟಕಿ. ಕಿಟಕಿಯಲ್ಲಿ ಆ ಕಡೆಯಿಂದ ಪುಡಿ ಬರುತ್ತದೆ, ಈ ಕಡೆಯಿಂದ ಮಾತು ಹೋಗುತ್ತದೆ. ನಾನು ಹೇಳಿದ ಯಾವ ಸಂಖ್ಯೆಯನ್ನಾದರೂ ಭಾವ ಎರಡರಿಂದ ಭಾಗಿಸಿಕೊಳ್ಳುತ್ತಾರೆ. ಅಕ್ಕನನ್ನು ಅವರಿಗೆ ಕೊಟ್ಟ ದಿನದಿಂದ ನಡೆದುಬಂದ ರೂಢಿ ಇದು. "ಇವತ್ತು ಅಂಗಡಿಗೆ ಇಪ್ಪತ್ತು ಜನ ಬಂದಿದ್ರು ಭಾವ" ಎಂದರೆ, "ಹತ್ತು ಜನಕ್ಕೆ ಕೂರೋಕೆ ಜಾಗ ಎಲ್ಲಿತ್ತೋ?" ಎನ್ನುತ್ತಾರೆ. ಅವರು ಅರ್ಧ ಮಾಡುತ್ತಾರೆಂದು ಗೊತ್ತಿರುವುದರಿಂದ ನಾನು ಮೊದಲೇ ದುಪ್ಪಟ್ಟು ಮಾಡಿ ಹೇಳುತ್ತೇನೆ. ಹೀಗಾಗಿ ನಮ್ಮಿಬ್ಬರ ನಡುವೆ ಸತ್ಯಕ್ಕೆ ಎಂದೂ ಕುಂದು ಬಂದಿರಲಿಲ್ಲ.

ಗಾಜಿನ ನಾರು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಕೆಲಸಕ್ಕೆ ಕೂರುವ ಮೊದಲು ಭಾವ ಎಳೆಮಗುವಿಗೆ ಬಳಿದ ಹಾಗೆ ತೋಳಿಗೆಲ್ಲ ಪೌಡರ್ ಬಳಿದುಕೊಳ್ಳುತ್ತಾರೆ, ನಾರು ಚರ್ಮಕ್ಕೆ ಇಳಿಯದಿರಲೆಂದು. ಕೆಲಸ ಮುಗಿದ ಮೇಲೆ ತಣ್ಣೀರಲ್ಲೇ ತೊಳೆಯಬೇಕು, ಬಿಸಿನೀರು ಸೋಕಿದರೆ ತುರಿಕೆ ಬೆಳಗಿನವರೆಗೂ ಜೊತೆಗೆ ಮಲಗುತ್ತದೆ. ಅವರ ಬಟ್ಟೆಗೆ ಬೇರೆ ನೀಲಿ ಬಕೆಟ್ಟು. ಕೂರಲು ಬೇರೆ ಕಬ್ಬಿಣದ ಕುರ್ಚಿ. ಒಮ್ಮೆ ಮರೆತು ಆ ಕುರ್ಚಿಯಲ್ಲಿ ಕೂತು ಎದ್ದ ನಾನು ಹದಿನೈದು ದಿನ ನಿಂತೇ ಸೀಟು ಹೊಲಿದಿದ್ದೇನೆ.

"ನಿಮ್ ಜೊತೆ ಸಂಸಾರ ಮಾಡೋದೂ ಒಂದೇ, ಮುಳ್ಳಹಂದಿ ಸಾಕೋದೂ ಒಂದೇ" ಎನ್ನುತ್ತಿದ್ದಳು ಅಕ್ಕ.

"ಮುಳ್ಳಹಂದಿ ನಿನ್ ಅಡುಗೇನ ಸುಮ್ನೆ ತಿಂತಿತ್ತಾ?" ಎನ್ನುತ್ತಿದ್ದರು ಭಾವ.

ಅವರ ದೊಡ್ಡ ವಿದ್ಯೆ ಇರುವುದು ಅಂಗೈಯಲ್ಲಿ. ಉಜ್ಜಿದ ಮೈಯ ಮೇಲೆ ಒಂದು ತೆಳುವಾದ ಹಳೇ ಹತ್ತಿ ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಅದರ ಮೇಲೆ ಕೈಯಾಡಿಸುತ್ತಾರೆ. ಬರಿಗೈಗೆ ಸಿಗದ ಉಬ್ಬುತಗ್ಗು ಬಟ್ಟೆಯ ಮೇಲಿಂದ ಸಿಗುತ್ತದೆ. ಪಕ್ಕದ ಬೀದಿಯಲ್ಲಿ ಇರುವೆ ಎಡವಿದರೂ ಆ ಕೈಗೆ ತಿಳಿಯುತ್ತದೆ. "ಕಣ್ಣು ಹೊಳಪಿಗೆ ಮರುಳಾಗತ್ತೆ ಕಣೋ. ಕೈಗೆ ಹೊಳಪು ಗೊತ್ತಿಲ್ಲ" ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಆ ಮಾತನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ.

ಎರಡು ವರ್ಷದ ಕೆಳಗೆ ಅವರ ಬಲ ಭುಜ ಮುಷ್ಕರ ಹೂಡಿತು. ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಂಗಿ ತೊಡಲು ಅಕ್ಕನ ಸಹಾಯ ಬೇಕಾಯಿತು. ಅದರ ಹಿಂದೆಯೇ ಕೆಮ್ಮು ಹತ್ತಿತು. ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಉಜ್ಜೋದು ಬಿಡಿ" ಎಂದರು.

"ಬಿಟ್ಟು ಏನ್ ಮಾಡ್ಲಿ ಸಾರ್?"

"ಉಸಿರಾಡಿ."

"ಕೇಳ್ರೀ, ಅದನ್ನಾದ್ರೂ ನೆಟ್ಟಗೆ ಮಾಡಿ" ಎಂದಳು ಅಕ್ಕ.

ಆದರೆ ಬೇರೆ ಕೆಲಸ ಗೊತ್ತಿಲ್ಲದವರು ಬಿಡುವುದು ಹೇಗೆ? ಬೆಳಗ್ಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು, ಶೆಡ್ಡಿನ ಬಾಗಿಲು ನೋಡುತ್ತ ಹತ್ತು ನಿಮಿಷ ಹಾಗೇ ಇರುತ್ತಿದ್ದರು. ಆಮೇಲೆ ದಣಿದ ಎತ್ತು ನೊಗಕ್ಕೆ ಹೋದ ಹಾಗೆ ಹೋಗುತ್ತಿದ್ದರು. ಮುಂಚೆ ಶೆಡ್ಡಿನಿಂದ ಉಜ್ಜುವ ಸದ್ದು ಒಂದೇ ಸಮನೆ ಬರುತ್ತಿತ್ತು. ಈಗ ನಾಲ್ಕು ಸಲ ಉಜ್ಜಿದ ಸದ್ದು, ಮೌನ, ಕೆಮ್ಮು, ಮತ್ತೆ ನಾಲ್ಕು ಸಲ. ಕಿಟಕಿಯ ಈಚೆ ಕೂತ ನನಗೂ ಹೊಲಿಗೆ ತಪ್ಪುತ್ತಿತ್ತು.

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಇದುವರೆಗೆ ಮಾಡಿದ್ದೆಲ್ಲ ಒಂದು ಗಾಡಿಗೆ ಒಂದು ಮೈ. ಪ್ರತಿ ಸಲವೂ ಮೊದಲಿಂದ ಉಜ್ಜಬೇಕು. ಅದರ ಬದಲು ಒಂದೇ ಒಂದು ಒಳ್ಳೆಯ ಮಾದರಿ ಮಾಡಿ, ಅದರಿಂದ ಒಂದು ಅಚ್ಚು ತೆಗೆದರೆ, ಆಮೇಲೆ ಅಚ್ಚಿನಿಂದ ಬೇಕಾದಷ್ಟು ಮೈ ಇಳಿಸಬಹುದು. ಅಚ್ಚು ನುಣುಪಾಗಿದ್ದರೆ ಇಳಿದದ್ದೂ ನುಣುಪಾಗಿಯೇ ಇರುತ್ತದೆ. ಮುಂದಿನ ಬೀದಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಹೆಂಗಸೊಬ್ಬಳಿದ್ದಾಳೆ, ಎಲ್ಲರೂ ಬಣ್ಣದವಳು ಎನ್ನುತ್ತಾರೆ. ಪುಡಿ ಎಳೆದು ಹೊರಹಾಕುವ ದೊಡ್ಡ ಫ್ಯಾನುಗಳಿರುವ ಜಾಗ ಅವಳದು. ಅವಳು ಬಂದು ಮಾತಾಡಿದಳು.

"ಉಜ್ಜಪ್ಪಣ್ಣ, ಅಚ್ಚು ನಮ್ಮಲ್ಲಿಗೆ ತಗೊಂಡ್ ಹೋಗ್ತೀನಿ. ಇಳಿಸೋ ಕೆಲ್ಸ ನಮ್ಮೋರು ಮಾಡ್ತಾರೆ. ನೀವು ಬಂದು ಕೈಯಾಡಿಸಿ ಸರಿ ಇದೆ, ಇಲ್ಲ ಅಂತ ಹೇಳಿದ್ರೆ ಸಾಕು, ನಿಮ್ ಪಾಲು ನಿಮ್ಗೆ. ಆದ್ರೆ ಮೊದಲ್ನೇ ಮೈ ನನ್ ಕಣ್ಮುಂದೆ ಅಚ್ಚಿಂದ ಸಲೀಸಾಗಿ ಬಿಟ್ಕೋಬೇಕು. ಅಚ್ಚಲ್ಲಿ ಒಂದು ಗೆರೆ ಇದ್ರೂ ಬೇಡ. ನೂರು ಮೈ ಇಳಿಸಿದ್ರೆ ನೂರರಲ್ಲೂ ಅದೇ ಗೆರೆ ಬರತ್ತೆ."

ಅವಳ ಮಾತು ಸರಿಯೇ ಇತ್ತು. ಭಾವ ಆ ಮಾದರಿಗೆ ಎಂಟು ತಿಂಗಳು ಉಜ್ಜಿದರು. ಎಂಟು ಎಂದರೆ ಎಂಟೇ, ಇದನ್ನು ಭಾಗಿಸಬೇಡಿ. ಟ್ಯಾಂಕಿನಿಂದ ಬಾಲದವರೆಗೆ ಒಂದೇ ಮೈ. ನೀರು ಇಳಿಜಾರಿನಲ್ಲಿ ಹರಿದಂತೆ ಹಿಂದಕ್ಕೆ ಹರಿದು, ಸವಾರನ ಮೊಣಕಾಲು ಕೂರುವಲ್ಲಿ ಎರಡು ಕಡೆ ಮೆಲ್ಲಗೆ ಒಳಗೆ ಬಾಗಿತ್ತು. "ಇದೇ ಕೊನೇದು" ಎಂದು ದಿನಕ್ಕೊಂದು ಸಲ ಹೇಳುತ್ತಿದ್ದರು, ಮಾದರಿಗೋ ಭುಜಕ್ಕೋ ಗೊತ್ತಿಲ್ಲ.

ಅದರಿಂದ ಅಚ್ಚು ತೆಗೆದ ದಿನ ಅಕ್ಕ ಮಾದರಿಯನ್ನು ಹಿತ್ತಲಿಗೆ ಎಳೆದೊಯ್ದು ಕೊಡಲಿಯಲ್ಲಿ ಕಡಿದು ಹಾಕಿದಳು. "ಇದು ಇದ್ರೆ ಇವ್ರು ಮತ್ತೆ ಉಜ್ಜೋಕೆ ಕೂತ್ಕೋತಾರೆ" ಎಂದಳು. ಭಾವ ಬೇಡವೆನ್ನಲಿಲ್ಲ. ಬಾಗಿಲಿಗೊರಗಿ ಅವಳು ಕಡಿಯುವುದನ್ನೇ ನೋಡಿದರು. ಇನ್ನು ಉಳಿದದ್ದು ದೋಣಿಯಂತೆ ಅಂಗಾತ ಬಿದ್ದಿದ್ದ ಆ ಒಂದು ಅಚ್ಚು. ಅದು ಕೆಟ್ಟರೆ ಎಂಟು ತಿಂಗಳೂ ಹೋದ ಹಾಗೆ, ಭಾವನ ವಿಶ್ರಾಂತಿಯೂ ಹೋದ ಹಾಗೆ.

ಅಚ್ಚಿನೊಳಗೆ ಮೈ ಇಳಿಸುವ ಮೊದಲು ಅದಕ್ಕೆ ಮೇಣ ಹಚ್ಚಬೇಕು. ಇಲ್ಲದಿದ್ದರೆ ರೆಸಿನ್ ಅಚ್ಚನ್ನು ಕಚ್ಚಿ ಹಿಡಿಯುತ್ತದೆ. ದುಂಡಗೆ ತಿರುವಿ ತಿರುವಿ ಹಚ್ಚುವ ಕೆಲಸ ಅದು, ಭಾವನ ಭುಜಕ್ಕೆ ಸಾಧ್ಯವಿರಲಿಲ್ಲ. ಬೆಳಗ್ಗೆ ಕಿಟಕಿಯಲ್ಲಿ ಮೇಣದ ಡಬ್ಬಿ ನೀಡಿದರು.

"ಏಳು ಸಲ ಹಚ್ಬೇಕು. ಹಚ್ಚು, ಒಂದು ಗಂಟೆ ಕಾಯಿ, ಒರೆಸಿ ಹೊಳಪು ತೆಗಿ, ಮತ್ತೆ ಹಚ್ಚು. ಹೊಸ ಅಚ್ಚು ಬಾಯಾರಿದ ದನದ ಹಾಗೆ. ಮೊದಲ ಮೂರು ಸಲದ್ದು ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ."

"ಬಿಡಿ ಭಾವ. ನಾನು ಹಚ್ಚಿದ್ರೆ ನೊಣ ಕೂತ್ರೆ ಜಾರಿ ಸೊಂಟ ಮುರ್ಕೋಬೇಕು."

ಮೊದಲನೆಯದನ್ನು ಶ್ರದ್ಧೆಯಿಂದಲೇ ಹಚ್ಚಿದೆ. ಎರಡನೆಯದನ್ನೂ ಹಚ್ಚಿದೆ. ಅಷ್ಟರಲ್ಲಿ ಒಬ್ಬ ದಢೂತಿ ಗಿರಾಕಿ ಹರಿದ ಸೀಟು ಹೊತ್ತು ಬಂದ. ಹೊಲಿಗೆ ಬಿಟ್ಟದ್ದು ನನ್ನ ದಾರದ ತಪ್ಪೋ ಅವನ ತೂಕದ ತಪ್ಪೋ ಎಂಬ ಚರ್ಚೆ ಊಟದ ಹೊತ್ತಿನವರೆಗೂ ನಡೆಯಿತು. ಉಂಡ ಮೇಲೆ ಮೂರನೆಯದು ಹಚ್ಚಿ ಒರೆಸಿದೆ. ಅಚ್ಚು ಕನ್ನಡಿಯಾಗಿತ್ತು. ಬಗ್ಗಿ ನೋಡಿದರೆ ನನ್ನ ಹಲ್ಲುಗಳೆಲ್ಲ ಕಂಡವು, ಉದುರಿಹೋದವೂ ಸೇರಿ. ಇದಕ್ಕಿಂತ ಹೊಳಪು ಸೂರ್ಯನಿಗೂ ಇರಲಿಕ್ಕಿಲ್ಲ, ಇನ್ನು ಹಚ್ಚಿದರೆ ಮೇಣ ದಂಡ ಎನ್ನಿಸಿತು.

ನಾಲ್ಕು ಗಂಟೆಗೆ ಭಾವ ಬಂದರು. "ಆಯ್ತೇನೋ? ಏಳೂ?"

"ಏಳಾ? ಒಂಬತ್ತು! ಒಂದು ಕಮ್ಮಿ ಇದ್ರೆ ನನ್ ಕಿವಿ ಹಿಂಡಿ."

ಅವರು ನನ್ನ ಮುಖ ನೋಡಿದರು. ಎಂದಿನಂತೆ ಅರ್ಧ ಮಾಡಿದ್ದರೆ ನಾಲ್ಕೂವರೆ ಬರುತ್ತಿತ್ತು, ಡಬ್ಬಿ ಕಸಿದುಕೊಂಡು ಮೊದಲಿಂದ ಹಚ್ಚಿಸುತ್ತಿದ್ದರು. ಆದರೆ ಅವತ್ತು ಗೋಡೆಗೆ ಕೈ ಕೊಟ್ಟು ನಿಂತು ಎರಡು ಸಲ ಕೆಮ್ಮಿ, "ಸರಿ, ಒಳ್ಳೇದಾಯ್ತು" ಎಂದಷ್ಟೇ ಹೇಳಿದರು. ಭಾಗಾಕಾರ ಮಾಡುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

ಮರುದಿನ ಇಬ್ಬರೂ ಸೇರಿ ಮೈ ಇಳಿಸಿದೆವು. ಅಚ್ಚಿನೊಳಗೆ ಮೊದಲು ಬಿಳಿಯ ದಪ್ಪ ಪದರ ಬಳಿದು, ಅದು ಬೆರಳಿಗೆ ಅಂಟೀ ಅಂಟದ ಹದಕ್ಕೆ ಬಂದಾಗ ನಾರಿನ ಹಾಸು ಹಾಸಿ, ರೆಸಿನ್ ಕುಡಿಸಿ, ಗುಳ್ಳೆ ಉಳಿಯದಂತೆ ರೋಲರ್ ಆಡಿಸಿದೆವು. ರೋಲರ್ ನನ್ನ ಕೈಯಲ್ಲಿ, ಕಣ್ಣು ಅವರದು.

ಮೂರನೆಯ ದಿನ ಬಣ್ಣದವಳು ಬಂದಳು. ಅಕ್ಕ ಎಲ್ಲರಿಗೂ ಚಹಾ ತಂದಳು. ಭಾವ ಅಂಚಿನ ಸುತ್ತ ಮರದ ಬೆಣೆಗಳನ್ನು ಸಿಕ್ಕಿಸಿ ಎಡಗೈಯಲ್ಲಿ ಮೆಲ್ಲಗೆ ತಟ್ಟಿದರು. ಮೈ ಅಚ್ಚು ಬಿಡುವಾಗ ಒಂದು ಸದ್ದು ಬರುತ್ತದೆ, ಬಿಗಿಯಾದ ಬಿರಡೆ ಕಿತ್ತ ಹಾಗೆ, ಟೊಪ್ ಎಂದು. ಎಲ್ಲರೂ ಆ ಸದ್ದಿಗೇ ಕಾದಿದ್ದೆವು. ಬರಲಿಲ್ಲ. ಇನ್ನೊಂದು ಸುತ್ತು ಬೆಣೆ. ಬರಲಿಲ್ಲ. ಸಂದಿಗೆ ನೀರು ಬಿಟ್ಟರು, ರಬ್ಬರ್ ಸುತ್ತಿಗೆಯಿಂದ ಹಿಂಬದಿಗೆ ಬಡಿದರು. ಬಲಗಡೆ ಸಡಿಲವಾಯಿತು, ಬಾಲ ಸಡಿಲವಾಯಿತು, ಎಡಗಡೆ ಮೊಣಕಾಲಿನ ಬಾಗು ಮಾತ್ರ ಅಲುಗಲಿಲ್ಲ. ಕೊನೆಗೆ ನಾನೂ ಅವರೂ ಹಿಡಿದು ಎಳೆದಾಗ ಹಸೀ ಸೌದೆ ಸೀಳಿದ ಹಾಗೆ ಕರ್ರ್ ಎಂದಿತು.

ಮೈ ಬಂತು. ಅದರ ಜೊತೆಗೆ ಅಚ್ಚಿನ ಚರ್ಮವೂ ಬಂತು. ಬಾಗಿನ ಜಾಗದಲ್ಲಿ ಊಟದ ತಟ್ಟೆಯಷ್ಟಗಲ ನಾರು ಎದ್ದು ಗಾಯ ಬಾಯಿ ತೆರೆದಿತ್ತು.

ಚಹಾ ಆರುತ್ತಿತ್ತು. ಭಾವ ಆ ಗಾಯದ ಮೇಲೆ ಬೆರಳಿಟ್ಟು ಕೇಳಿದರು. "ಎಷ್ಟು ಸಲ ಹಚ್ಚಿದ್ದೆ?"

"ಏಳು ಭಾವ."

ಅವರು ಗಾಯದ ಅಂಚಿನಿಂದ ಎದ್ದ ನಾರೊಂದನ್ನು ಕಿತ್ತರು.

"ಐದಂತೂ ಗ್ಯಾರಂಟಿ."

ಕೈಯಲ್ಲಿದ್ದ ಬೆಣೆಯನ್ನು ನೆಲದ ಮೇಲಿಟ್ಟರು.

"ಮೂರು" ಎಂದೆ. ನನ್ನ ಜನ್ಮದಲ್ಲಿ ನಾನು ಹೇಳಿದ ಮೊದಲ ಸರಿಯಾದ ಲೆಕ್ಕ ಅದು.

ಬೈದಿದ್ದರೆ ಚೆನ್ನಾಗಿತ್ತು. "ತಪ್ಪು ನಂದು. ಅರ್ಧ ಮಾಡ್ಕೊಳೋದು ಮರ್ತೆ" ಎಂದರು.

ಬಣ್ಣದವಳು ಅಚ್ಚಿನೊಳಗೆ ಟಾರ್ಚ್ ಬಿಟ್ಟು ನೋಡಿದಳು. "ಉಜ್ಜಪ್ಪಣ್ಣ, ಸುಳ್ಳು ಹೇಳಲ್ಲ, ಹೀಗೆ ತಗೊಂಡ್ ಹೋಗೋಕೆ ಆಗಲ್ಲ. ತೇಪೆ ಹಾಕಿಡಿ, ತಿಂಗಳು ಬಿಟ್ಟು ಬರ್ತೀನಿ. ಟಾರ್ಚಿಗೆ ಅದು ಕಾಣ್ದೆ ಇದ್ರೆ ನಮ್ ಮಾತು ಮಾತೇ" ಎಂದು ಹೊರಟಳು.

ಅವಳು ಹೋದ ಮೇಲೆ ಭಾವ ಪೌಡರ್ ಹಚ್ಚಿಕೊಂಡರು. ಉಪ್ಪುಕಾಗದ ಮಡಿಸಿ ಹಿಡಿದು ಅಚ್ಚಿನ ಮೇಲೆ ಬಗ್ಗಿದರು. ತೋಳು ಅರ್ಧ ದಾರಿಗೆ ಹೋಗಿ ನಿಂತಿತು. ಎಡಗೈಯಿಂದ ಬಲಗೈಯನ್ನು ಹಿಡಿದು ನೂಕಿದರು. ನಾಲ್ಕು ಸಲ ಉಜ್ಜಿದರು. ಆಮೇಲೆ ಅಲ್ಲೇ ಅಚ್ಚಿನ ಅಂಚಿಗೆ ಹಣೆ ಕೊಟ್ಟು ಕೂತುಬಿಟ್ಟರು.

"ನನ್ ಕೈಲಿ ಆಗಲ್ಲ ಕಣೋ."

ಮೂವತ್ತೈದು ವರ್ಷದಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕನೂ ಕೇಳಿರಲಿಲ್ಲ. ನಾನು ಅವರ ಬೆರಳುಗಳಿಂದ ಉಪ್ಪುಕಾಗದ ಬಿಡಿಸಿಕೊಂಡೆ.

"ಬಿಡಿ ಭಾವ, ನಾನು ಉಜ್ತೀನಿ."

"ನೀನಾ?" ಎಂದಳು ಅಕ್ಕ. "ನೀನು ಹಲ್ಲುಜ್ಜೋದೇ ವಾರಕ್ಕೊಂದ್ ಸಲ."

ಹೀಗೆ ಭಾವ ಉಜ್ಜುವುದನ್ನು ಬಿಟ್ಟರು. ಡಾಕ್ಟರು ಈಗ ತಮ್ಮ ಔಷಧಿಯ ಗುಣ ಎಂದು ಹೇಳಿಕೊಂಡು ತಿರುಗುತ್ತಾರೆ.

ಮುಂದಿನ ದಿನಗಳನ್ನು ನೆನೆದರೆ ಇಂದಿಗೂ ಮೊಣಕೈ ತುರಿಸುತ್ತದೆ. ಬಾಯಿಗೂ ಮೂಗಿಗೂ ಕವಚ ಬಿಗಿದುಕೊಳ್ಳದೆ ಶೆಡ್ಡಿಗೆ ಕಾಲಿಡಕೂಡದು ಎಂದು ಅಕ್ಕ ಕಟ್ಟಪ್ಪಣೆ ಮಾಡಿದಳು. ಗಾಯ ಕೆರೆದು, ಹೊಸ ನಾರು ಕೂರಿಸಿ, ಪುಟ್ಟಿ ತುಂಬಿ ಒಣಗಿಸಿದೆವು. ಮೊದಲು ಒರಟು ಕಾಗದ, ಆಮೇಲೆ ಸಣ್ಣದು, ಇನ್ನೂ ಸಣ್ಣದು, ಕೊನೆಗೆ ನೀರಿನಲ್ಲಿ ನೆನೆಸಿ ಉಜ್ಜುವ ರೇಷ್ಮೆಯಂಥದು. ಭಾವ ಕಬ್ಬಿಣದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಆಯಿತು ಎಂದಾಗಲೆಲ್ಲ ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಎಡ ಅಂಗೈ ಆಡಿಸುತ್ತಿದ್ದರು.

"ತಗ್ಗಿದೆ."

"ಎಲ್ಲಿ ಭಾವ? ಕಾಣಿಸ್ತಾನೇ ಇಲ್ಲ."

"ಕಾಣಿಸ್ದೇ ಇರೋದ್ನೇ ಉಜ್ಬೇಕು."

ನನ್ನ ಬೆರಳಚ್ಚು ಸವೆದು ಹೋಯಿತು. ಈಗ ನಾನು ಕೊಲೆ ಮಾಡಿದರೂ ಪೊಲೀಸರಿಗೆ ಸಿಗುವುದಿಲ್ಲ. ಒಂದು ವಾರಕ್ಕೆ ಅಕ್ಕ ಹಿತ್ತಲಿನಲ್ಲಿ ನೀಲಿ ಬಕೆಟ್ಟಿನ ಪಕ್ಕ ಒಂದು ಕೆಂಪು ಬಕೆಟ್ಟು ತಂದಿಟ್ಟು, "ಇದು ನಿಂದು" ಎಂದಳು. ಎರಡನೇ ವಾರಕ್ಕೆ ನನಗೂ ಒಂದು ಕಬ್ಬಿಣದ ಕುರ್ಚಿ ಬಂತು. ನೀಲಿ ಬಕೆಟ್ಟು ಖಾಲಿಯಾಗಿಯೇ ಇತ್ತು; ಅದರಲ್ಲಿ ಅವಳು ಗಿಡಕ್ಕೆ ನೀರು ಹಿಡಿಯತೊಡಗಿದಳು. ಭಾವನ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಮಾತಿನ ನಡುವೆ ಒಂದಿಷ್ಟು ಜಾಗ ಬಿಟ್ಟಿತು. ಬೆಳಗ್ಗೆ ಹಾಸಿಗೆಯ ಅಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುವವನು ಈಗ ನಾನು.

ಇಪ್ಪತ್ತೇಳನೇ ದಿನ ಭಾವ ಕೈಯಾಡಿಸಿದರು, ನಿಲ್ಲಿಸಿದರು, ಮತ್ತೊಮ್ಮೆ ಆಡಿಸಿ, "ಹೂಂ" ಎಂದರು. ಅವರ ಬಾಯಲ್ಲಿ ಅದು ಚಿನ್ನದ ಪದಕ. ಮೇಣ ಹಚ್ಚುವ ದಿನ ಅಕ್ಕ ನನ್ನ ಸೀಟಿನ ಗುಂಡಿಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು. ಒಂದು ಸಲ ಹಚ್ಚಿ ಒರೆಸಿದರೆ ತಟ್ಟೆಗೆ ಒಂದು ಗುಂಡಿ. ತಟ್ಟೆಯಲ್ಲಿ ಏಳು ಗುಂಡಿ ಬೀಳುವವರೆಗೆ ನನ್ನನ್ನು ಏಳಗೊಡಲಿಲ್ಲ.

ಮರುದಿನ ಮತ್ತೆ ಮೈ ಇಳಿಸಿದೆವು, ಬಣ್ಣದವಳು ಹೇಳಿದ ದಿನ ಬಂದಳು. ಭಾವ ಬೆಣೆ ಸಿಕ್ಕಿಸಿ ಒಂದೇ ಒಂದು ಸಲ ತಟ್ಟಿದರು.

ಟೊಪ್.

ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ಬಣ್ಣದವಳು ಟಾರ್ಚ್ ಹಿಡಿದು ಅಚ್ಚನ್ನು ತುದಿಯಿಂದ ತುದಿಗೆ ನೋಡಿದಳು. ತೇಪೆ ಎಲ್ಲಿತ್ತೆಂದು ಅವಳಿಗೆ ತಿಳಿಯಲಿಲ್ಲ, ಉಜ್ಜಿದ ನನಗೇ ಮರೆತಿತ್ತು. "ನಾಳೆ ಗಾಡಿ ಕಳಿಸ್ತೀನಿ ಉಜ್ಜಪ್ಪಣ್ಣ, ಅಚ್ಚು ನಮ್ದು. ಆದ್ರೆ ಇಳಿದ ಮೈಗಳ ಅಂಚು ಮಾತ್ರ ಕೈಯಲ್ಲೇ ಉಜ್ಬೇಕಾಗತ್ತೆ, ನಮ್ಮಲ್ಲಿ ಅದು ಬರೋರಿಲ್ಲ. ಯಾರಾದ್ರೂ ಇದ್ದಾರಾ?" ಎಂದಳು.

ಹೊಗಳಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಮುಹೂರ್ತ ಸಿಗದೆಂದು ನಾನು ಎದೆ ಮುಂದೆ ಮಾಡಿದೆ. "ಕೇಳ್ತೀಯಲ್ಲಮ್ಮ! ಆ ತೇಪೆ ಒಂದಕ್ಕೇ ನಾನು ಸಾವಿರ ಸಲ ಉಜ್ಜಿದೀನಿ. ಬೇಕಾದ್ರೆ ನಮ್ ಭಾವನ್ನೇ ಕೇಳು!"

ಭಾವ ಹೊಸ ಮೈಯ ಮೇಲೆ ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಕೈಯಾಡಿಸುತ್ತಿದ್ದರು. ಕಣ್ಣು ತೆರೆಯದೆಯೇ ಹೇಳಿದರು:

"ಸಾವಿರ ಅಂದ್ರೆ ಐನೂರು ಆಗಿದೆ. ಇನ್ನೈನೂರು ಇವನು ಅಂಚಿಗೆ ಉಜ್ತಾನೆ. ಹೂಂ, ಪೌಡರ್ ಹಚ್ಕೊ."